ಕೀರ್ತನೆಯೊಳಗೆ ಸಾರಳ ಹೆಸರು

ನಮ್ಮ ಚರ್ಚಿನ ಸಭೆಗೆ ಹೊಸದಾಗಿ ಇಬ್ಬರು ಹುಡುಗೀರು ಕೆಲಸಕ್ಕೆ ಬರ್ತಿದ್ದಾರಂತೆ. ಎಸ್ಟೇಟ್ ಲೈನುಗಳಿಗೆ, ಅಂದ್ರೆ ಕೂಲಿಯವರ ಸಾಲುಮನೆಗಳಿಗೆ ಹೋಗಿ ಹೆಂಗಸರಿಗೆ, ಮಕ್ಕಳಿಗೆ ಬೈಬಲ್ ವಾಕ್ಯ ಕಲಿಸೋ ಕೆಲಸ. ಮಂಡಿ ಸವೆಯೋ ತನಕ ನಾನು ಮಾಡಿದ್ದೂ ಅದೇ. ‘ಅಜ್ಜಿ, ನಿಮ್ಮ ಅನುಭವ ಬರೆದು ಗ್ರೂಪಿಗೆ ಹಾಕಿ’ ಅಂತ ಕೇಳಿದ್ರು. ಮೊಮ್ಮಗಳು ಫೋನಲ್ಲಿ ಕನ್ನಡ ಟೈಪ್ ಮಾಡೋದು ಹೇಳಿಕೊಟ್ಟಿದ್ದಾಳೆ. ಒತ್ತಕ್ಷರ ಬಂದ ಕಡೆ ಒದ್ದಾಡ್ತೀನಿ. ಆದ್ರೂ ಬಾಯಿ ಮುಚ್ಚಿಕೊಂಡು ಇಷ್ಟೊಂದು ಮಾತಾಡಬಹುದು ಅಂತ ಮೊದಲೇ ಗೊತ್ತಿದ್ದಿದ್ರೆ ಎಷ್ಟೋ ಮೀಟಿಂಗಿನಲ್ಲಿ ಉಪಯೋಗಕ್ಕೆ ಬರ್ತಿತ್ತು.

ಆರ್ಡರಿನಲ್ಲಿ ಹುದ್ದೆ ಹೆಸರು ಬೈಬಲ್ ವುಮನ್ ಅಂತ ಗಂಭೀರವಾಗಿ ಇರುತ್ತೆ. ಲೈನಿನಲ್ಲಿ ನನ್ನನ್ನ ‘ವಾಕ್ಯದಮ್ಮ’ ಅಂತಿದ್ರು. ಕಾಫಿ ಪಿಕ್ಕಿಂಗ್ ಟೈಮಲ್ಲಿ ನನ್ನ ಕೊಡೆ ಕಂಡ ಕೂಡ್ಲೇ ಮೇಸ್ತ್ರಿ ಅಂತಿದ್ದದ್ದು ‘ಬಂತಪ್ಪಾ ಇನ್ನೊಂದು’. ಮೂರು ಹೆಸರಿಗೂ ತಿರುಗಿ ನೋಡೋದು ಕಲೀರಿ. ಕೊಡೆ ಬಿಸಿಲಿನಲ್ಲೂ ಕೈಯಲ್ಲಿರ್ಲಿ, ಯಾಕಂದ್ರೆ ಲೈನಿನ ನಾಯಿಗಳು ಪ್ರಾರ್ಥನೆಗೆ ಬಂದವರು, ಸಾಲ ವಸೂಲಿಗೆ ಬಂದವರು ಅಂತ ಭೇದ ಮಾಡಲ್ಲ. ಚಾ ಕೊಟ್ರೆ ಬೇಡ ಅನ್ನಬೇಡಿ. ಚಾ ಬೇಡ ಅಂದವಳ ವಾಕ್ಯವೂ ಅವರಿಗೆ ಬೇಡ.

ನಮ್ಮ ಕಡೆ ಈ ಕೆಲಸದ ದೊಡ್ಡ ತೊಂದರೆ ಏನು ಗೊತ್ತಾ? ಕುರಿ. ಎಲ್ಲರೂ ಮೊದಲು ಕಲಿಸೋದು ಬೈಬಲಿನ ದಾವೀದ ರಾಜನ ಆ ಕುರಿ ಕಾಯೋ ಕೀರ್ತನೆ. ದೇವರು ಕಾಯೋನು, ನಾವು ಕುರಿ, ಹಸಿರು ಹುಲ್ಲು, ತಣ್ಣಗಿನ ನೀರು. ಚೆಟ್ಟಳ್ಳಿ ಕಡೆ ಕಾಫಿ ತೋಟದಲ್ಲಿ ಹುಟ್ಟಿದ ಮಗುಗೆ ನಾನು ಕುರಿ ಎಲ್ಲಿಂದ ತೋರಿಸ್ಲಿ? ಆನೆ ಬಗ್ಗೆ ಕೇಳಿ, ಲದ್ದಿ ನೋಡಿ ಅದು ಎಷ್ಟೊತ್ತಿಗೆ ಹೋಯ್ತು ಅಂತ ಹೇಳುತ್ತೆ. ದಾವೀದ ಹಂದಿ ಬಗ್ಗೆ ಒಂದೇ ಒಂದು ಕೀರ್ತನೆ ಬರೆದಿದ್ರೂ ಸಾಕಿತ್ತು, ಕೊಡಗಿನಲ್ಲಿ ಒಂದು ಭಾನುವಾರದಲ್ಲಿ ಎಲ್ಲರಿಗೂ ಬಾಯಿಪಾಠ ಆಗ್ತಿತ್ತು. ಇದನ್ನ ನಾನು ಮಹಿಳಾ ಕೂಟದಲ್ಲಿ ಹೇಳಿ ಬೈಸಿಕೊಂಡಿದ್ದೀನಿ. ಬೈದವರೂ ಸೆರಗು ಬಾಯಿಗಿಟ್ಟುಕೊಂಡೇ ಬೈದಿದ್ದು.

ನಿಮಗೆ ಈಗ ಫೋನಿನಲ್ಲಿ ದಿನಕ್ಕೊಂದು ವಾಕ್ಯ ಹೂವಿನ ಚಿತ್ರದ ಜೊತೆ ಬರುತ್ತೆ. ನೋಡ್ತೀರಿ, ಕೈ ಮುಗಿಯೋ ಗುರುತು ಒತ್ತುತ್ತೀರಿ, ಮುಂದಕ್ಕೆ ತಳ್ಳುತ್ತೀರಿ. ನಮ್ಮ ಕಾಲದಲ್ಲಿ ಬಾಯಿಂದ ಬಾಯಿಗೆ. ನಾನು ಹೇಳೋದು, ಅವರು ಹೇಳೋದು, ನಾನು ಲೈನ್ ದಾಟೋದ್ರೊಳಗೆ ಅವರು ಮರೆಯೋದು. ಮುಂದಿನ ವಾರ ಮತ್ತೆ ಸುಂಟಿಕೊಪ್ಪದಲ್ಲಿ ಬಸ್ಸಿಳಿದು, ಜೀಪಿನಲ್ಲಿ ಗೊಬ್ಬರದ ಚೀಲದ ಮೇಲೆ ಕೂತು ಬಂದು, ಅದೇ ವಾಕ್ಯ.

ಹೇಗೆ ನಿಲ್ಲುತ್ತೆ ಅನ್ನೋದು ನನಗೆ ಮೊದಲು ತೋರಿಸಿದ್ದು ಮರಿಯಮ್ಮ ಅಂತ ಒಬ್ಬಳು. ಆ ಎಸ್ಟೇಟಿಗೇ ಜೋರು ಪಿಕ್ಕರ್. ಕೂತು ಕಲಿಯೋಕೆ ಅವಳಿಗೆ ಪುರುಸೊತ್ತಿಲ್ಲ. ಹಾಗಾಗಿ ಅವಳು ಹಣ್ಣು ಕುಯ್ಯೋವಾಗ ಪಕ್ಕದಲ್ಲೇ ನಿಂತು ಕಲಿಸಿದೆ. ಒಂದು ಕೊಂಬೆಗೆ ಒಂದು ತುಂಡು ವಾಕ್ಯ. ಗಿಡ ಮುಗಿಯೋ ಹೊತ್ತಿಗೆ ಕೀರ್ತನೆ ಮುಗೀತಿತ್ತು. ಆ ವರ್ಷ ಸಭೆಯ ವಾಕ್ಯ ಸ್ಪರ್ಧೆಗೆ ಅವಳನ್ನ ಜಂಬದಿಂದ ಕರ್ಕೊಂಡು ಹೋದೆ. ಅಯ್ನೋರು, ಅಂದ್ರೆ ನಮ್ಮ ಪಾದ್ರಿಗಳು, ಅವಳಿಗೆ ಹೇಳಿದ್ರು: ‘ಕೈ ಕಟ್ಟಿ ನಿಂತು ಹೇಳಮ್ಮ.’ ಕೈ ಕಟ್ಟಿದ್ಲು. ಬಾಯೂ ಕಟ್ಟಿತು. ಒಂದು ಪದ ಬರ್ಲಿಲ್ಲ. ನಾನು ಕಣ್ಣು ಮಿಟುಕಿಸ್ತೀನಿ, ತುಟಿ ಅಲ್ಲಾಡಿಸ್ತೀನಿ, ಊಹೂಂ. ಆಮೇಲೆ ಇವಳು ಮೆಲ್ಲಗೆ ಮುಂದೆ ಹೋಗಿ, ವೇದಿ ಪಕ್ಕದಲ್ಲಿ ಅಯ್ನೋರ ಹೆಂಡ್ತಿ ಬೆಳಗ್ಗೆಯೆಲ್ಲಾ ಕೂತು ಜೋಡಿಸಿದ್ದ ಹೂದಾನಿಗೆ ಕೈ ಹಾಕಿದ್ಲು. ಕಿತ್ತು ಕಿತ್ತು ಸೆರಗಿಗೆ ಹಾಕ್ಕೊಂಡು ಗಡಗಡ ಹೇಳಿದ್ಲು, ಒಂದು ತಪ್ಪಿಲ್ಲ. ಕೀರ್ತನೆ ಪೂರ್ತಿ, ಹೂದಾನಿ ಖಾಲಿ. ಸ್ಟೀಲ್ ತಟ್ಟೆ ಬಹುಮಾನ ಬಂತು. ಅಯ್ನೋರ ಹೆಂಡ್ತಿ ಈಸ್ಟರ್ ತನಕ ನನ್ನ ಜೊತೆ ಮಾತಾಡಲಿಲ್ಲ.

ವಾಕ್ಯ ಏನಕ್ಕಾದ್ರೂ ಅಂಟಿಕೊಂಡೇ ಒಳಗೆ ಹೋಗುತ್ತೆ. ಕೈಗೋ, ಕೊಂಬೆಗೋ, ಯಾರದ್ದೋ ಧ್ವನಿಗೋ. ಏನಕ್ಕೆ ಅಂಟಬೇಕು ಅಂತ ನಮ್ಮನ್ನ ಕೇಳಲ್ಲ. ಇದು ಅವತ್ತು ನನಗೆ ಅರ್ಧ ಅರ್ಥ ಆಗಿತ್ತು. ಉಳಿದರ್ಧ ಎಲ್ಸಿ, ಸಾರ ಅನ್ನೋ ಇಬ್ಬರು ಅರ್ಥ ಮಾಡಿಸಿದ್ರು.

ಆ ಕಥೆ ಶುರುವಾಗಿದ್ದು ಹೊಸ ಅಯ್ನೋರು ಬಂದ ಮೇಲೆ. ತೆಳ್ಳಗೆ, ಎಳೆ ವಯಸ್ಸು, ಒಳ್ಳೆ ಮನಸ್ಸು. ಒಂದಿನ ನನ್ನನ್ನ ಕರೆದು ಹೇಳಿದ್ರು:

‘ಅಮ್ಮಾ, ನಿಮ್ಮ ಲೈನಿನವರಿಗೆ ವಾಕ್ಯ ಬಾಯಲ್ಲಿದೆ. ಒಳಗೆ ಇಳೀತಿಲ್ಲ.’

‘ಒಳಗೆ ಇಳಿಸೋದು ಪವಿತ್ರಾತ್ಮನ ಕೆಲಸ ಅಂತ ನೀವೇ ಭಾನುವಾರ ಹೇಳಿದ್ರಲ್ಲ ಅಯ್ನೋರೇ?’

‘ಹೌದು. ಆದ್ರೆ ಬಸ್ ಚಾರ್ಜು ಕೊಡ್ತಿರೋದು ನಿಮಗೆ.’

ಈ ಮನುಷ್ಯನ ಜೊತೆ ಬದುಕಬಹುದು ಅನ್ನಿಸ್ತು. ಮನೆಗೆ ಬಂದು ಯೋಚನೆ ಮಾಡಿ ಒಂದು ಉಪಾಯ ತೆಗೆದೆ. ವಾಕ್ಯದಲ್ಲಿ ‘ನಾನು’, ‘ನನ್ನ’ ಅಂತ ಬಂದ ಕಡೆಯೆಲ್ಲಾ ಅವರವರ ಹೆಸರು ಹಾಕಿ ಹೇಳೋದು. ದೇವರು ರಾಜುನ ಕಾಯೋನು, ದೇವರು ಮರಿಯಮ್ಮನ ಕಾಯೋನು, ಹೀಗೆ. ಮಕ್ಕಳಿಗೆ ಖುಷಿಯೋ ಖುಷಿ. ದೊಡ್ಡವರು ಮೊದಲು ನಾಚಿಕೊಂಡ್ರು, ಆಮೇಲೆ ತಮ್ಮ ಹೆಸರು ತಮ್ಮ ಬಾಯಲ್ಲೇ ಕೇಳಿ ಇನ್ನೊಂದು ಸಲ ಹೇಳಿದ್ರು. ಕೆಲವರ ಕಣ್ಣಲ್ಲಿ ನೀರೂ ಬಂತು. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯೋಸೇಫಜ್ಜ ಅಂತ ಒಬ್ಬರಿದ್ರು. ಎಸ್ಟೇಟಿನ ಹಳೇ ವಾಚ್‌ಮನ್. ಅವರಿಗೆ ನಾಪೋಕ್ಲಿನಿಂದ ತಂದ ಒಂದು ಹಸು ಇತ್ತು, ಹೆಸರು ಲಕ್ಷ್ಮಿ. ಕ್ರೈಸ್ತರ ಮನೆ ಹಸುಗೆ ಲಕ್ಷ್ಮಿ ಅಂತ ಯಾಕಜ್ಜ ಅಂತ ಯಾರಾದ್ರೂ ಕೇಳಿದ್ರೆ, ‘ಅದಕ್ಕಿನ್ನೂ ಸ್ನಾನ ಆಗಿಲ್ಲ’ ಅಂತಿದ್ರು. ಸ್ನಾನ ಅಂದ್ರೆ ದೀಕ್ಷಾಸ್ನಾನ. ಅಜ್ಜನ ಸರದಿ ಬಂದಾಗ ಎದ್ದು ನಿಂತು ಘಂಟಾಘೋಷವಾಗಿ ಹೇಳಿದ್ರು: ದೇವರು ಲಕ್ಷ್ಮಿಯನ್ನ ಹಸಿರು ಹುಲ್ಲಲ್ಲಿ ಮಲಗಿಸ್ತಾನೆ.

‘ಅಜ್ಜಾ, ನಿಮ್ಮ ಹೆಸರು ಹಾಕಿ.’

‘ಹುಲ್ಲು ನನಗ್ಯಾಕಮ್ಮ? ಬೇಕಾಗಿರೋದು ಅವಳಿಗೆ.’

ಎಲ್ಲರೂ ನಕ್ಕರು, ನಾನೂ ನಕ್ಕೆ, ಹೋಗ್ಲಿ ಅಂತ ಬಿಟ್ಟೆ. ಹುಡುಗೀರೇ, ಹಸುಗೆ ಬಿಟ್ಟ ದಾರಿಯಲ್ಲಿ ಹಿಂದೆಯೇ ಮನುಷ್ಯರೂ ನುಗ್ಗುತ್ತಾರೆ ಅಂತ ನನಗೆ ಹೊಳೀಲಿಲ್ಲ.

ಎಲ್ಸಿ, ಸಾರ ಒಂದೇ ಲೈನಿನವರು, ಅಕ್ಕಪಕ್ಕದ ಮನೆ. ನಡುವೆ ಒಂದೇ ಗೋಡೆ. ಆ ಗೋಡೆಯೂ ಸೂರಿನ ತನಕ ಹೋಗಲ್ಲ, ಮೇಲೆ ಖಾಲಿ. ಈ ಮನೆಯಲ್ಲಿ ಒಗ್ಗರಣೆ ಹಾಕಿದ್ರೆ ಆ ಮನೆಯಲ್ಲಿ ಸೀನು. ಎಲ್ಸಿಗೆ ಗಂಡ ಇರ್ಲಿಲ್ಲ, ಮಗ ಕುಶಾಲನಗರದಲ್ಲಿ ವರ್ಕ್‌ಶಾಪಿನಲ್ಲಿದ್ದ. ಅವಳಿಗೆ ಸೈರನ್ ತರ ಧ್ವನಿ, ಒಂದು ಸಲ ಕೇಳಿದ್ರೆ ಮರೆಯದ ತಲೆ, ಜೊತೆಗೆ ಒಂದು ಹಳೇ ಕೆಮ್ಮು. ಬೆಳಗ್ಗೆ ಒಲೆ ಹಚ್ಚುತ್ತಾ ಕುರಿ ಕಾಯೋ ಕೀರ್ತನೆ ತನ್ನ ಹೆಸರು ಹಾಕ್ಕೊಂಡು ಗಟ್ಟಿಯಾಗಿ ಹೇಳೋಳು. ದೇವರು ಪ್ರೀತಿಯಿಂದ ತಲೆಗೆ ಎಣ್ಣೆ ಹಚ್ಚೋ ಸಾಲು ಬಂದಾಗ ಸರಿಯಾಗಿ ಅಲ್ಲೇ ಖೊಕ್ ಖೊಕ್ ಅಂತ ಕೆಮ್ಮಿ, ಆಮೇಲೆ ಮುಂದಕ್ಕೆ ಹೋಗೋಳು.

ಸಾರಳ ಮನೆಮಾತು ತಮಿಳು. ಕನ್ನಡದಲ್ಲಿ ಜಗಳ ಮಾತ್ರ ಚೆನ್ನಾಗಿ ಬರ್ತಿತ್ತು. ಯಾರು ಯಾವ ಮದುವೆಯಲ್ಲಿ ತನಗೆ ಪಾಯಸ ಬಡಿಸದೆ ಮುಂದೆ ಹೋದ್ರು ಅಂತ ತಾರೀಖು ಸಮೇತ ನೆನಪು, ವಾಕ್ಯ ಮಾತ್ರ ಒಂದೂ ನಿಲ್ಲಲ್ಲ. ನಾನು ಕಲಿಸಿ ಕಲಿಸಿ ಸುಸ್ತಾದೆ. ಮೊದಲ ಸಾಲು ಹೇಳಿ ‘ಪೋದುಂ ಅಮ್ಮಾ, ಸಾಕು, ಅನ್ನ ಸೀದು ಹೋಗ್ತದೆ’ ಅಂತ ಏಳೋಳು. ನನ್ನ ಸರ್ವೀಸಿನಲ್ಲೇ ಅತಿ ದಡ್ಡ ಶಿಷ್ಯೆ ಅಂತ ಅವಳ ಎದುರೇ ಹೇಳ್ತಿದ್ದೆ. ಅವಳೂ ಒಪ್ಪಿಕೊಳ್ತಿದ್ಲು.

ಜಗಳ ಆದದ್ದು ಕ್ರಿಸ್ಮಸ್ ಹಂದಿಯಿಂದ. ಲೈನಿನ ಕ್ರೈಸ್ತರ ಮನೆಗಳೆಲ್ಲಾ ಸೇರಿ ಒಂದು ಹಂದಿ ತರೋದು, ಬಾಳೆಲೆ ಮೇಲೆ ಪಾಲು ಹಾಕೋದು ವಾಡಿಕೆ. ಪಾಲು ಹಾಕೋ ಸರದಿ ಆ ವರ್ಷ ಸಾರಳದ್ದು. ಎಲ್ಸಿ ಹಂದಿ ಸಾರಿಗೆ ಹಾಕೋ ಹುಳಿ, ಕಾಚಂಪುಳಿ ಬಾಟಲಿ ತಂದಿಟ್ಟು, ಮಸಾಲೆ ಹುರಿದು, ಮಗ ಬರ್ತಾನೆ ಅಂತ ಕಾದು ಕೂತಿದ್ಲು. ಅವಳ ಪಾಲಿಗೆ ಬಂದದ್ದು ಎಲುಬು. ಮಾಂಸ ಇತ್ತು, ಹುಡುಕಬೇಕಿತ್ತು.

‘ಇದು ನನಗಾ, ನಾಯಿಗಾ?’ ಅಂದ್ಲು ಎಲ್ಸಿ.

‘ಯಾರ ಹಲ್ಲು ಗಟ್ಟಿ ಇದೆಯೋ ಅವರಿಗೆ’ ಅಂದ್ಲು ಸಾರ.

ಆ ಮಾತಿಗೆ ಲೈನೆಲ್ಲಾ ನಕ್ಕಿತು. ಎಲುಬನ್ನ ಎಲ್ಸಿ ಹೇಗೋ ಬೇಯಿಸ್ತಿದ್ದಳು. ನಗು ಬೇಯಲಿಲ್ಲ.

ನಿಮಗೆ ಗೊತ್ತಿರಬಹುದು, ದಾವೀದ ಬರೀ ಕುರಿ ಬಗ್ಗೆ ಬರೆದವನಲ್ಲ. ಸಿಟ್ಟು ಬಂದಾಗ ಶತ್ರುಗಳಿಗೆ ಶಾಪ ಹಾಕಿ ಬರೆದದ್ದೂ ಇದೆ. ಅವನ್ನ ನಾನು ಯಾರಿಗೂ ಕಲಿಸಿರಲಿಲ್ಲ. ಎಲ್ಸಿ ತಾನೇ ಹುಡುಕಿಕೊಂಡಳು. ಅದರಲ್ಲೂ ಎಂಥದ್ದು ಆರಿಸಿದ್ಲು ಅಂದ್ರೆ, ಶಾಪ ಎಣ್ಣೆ ಹಾಗೆ ಎಲುಬಿಗೆ ಇಳೀಲಿ ಅಂತ ಬರೋದು. ಎಲುಬು ಕೊಟ್ಟವಳ ಎಲುಬಿಗೇ! ನಾನು ಕಲಿಸಿದ ಕ್ರಮದಲ್ಲೇ, ಹೆಸರು ಹಾಕಿ. ಆಯುಸ್ಸು ಕಮ್ಮಿ ಆಗೋದು ಸಾರಳದ್ದು, ಮನೆ ಹಾಳಾಗೋದು ಸಾರಳದ್ದು, ಎಲುಬಿಗೆ ಎಣ್ಣೆ ಇಳಿಯೋದೂ ಸಾರಳಿಗೇ. ಬೆಳಗ್ಗೆ ಒಲೆ ಮುಂದೆ ಕೂತು, ಗೋಡೆ ಕಡೆ ಮುಖ ಮಾಡಿ, ಸೈರನ್ ಧ್ವನಿಯಲ್ಲಿ.

ಹೊಸವರ್ಷ ಕಳೆದು ನಾನು ಆ ಲೈನಿಗೆ ಹೋದಾಗ ರೊಬಸ್ಟಾ ಕಾಫಿ ಪಿಕ್ಕಿಂಗ್ ಜೋರಾಗಿತ್ತು. ಲೈನ್ ಖಾಲಿ, ಸಾರಳ ಮನೆ ಬಾಗಿಲು ಮಾತ್ರ ತೆರೆದಿತ್ತು. ಗಂಡ ಡೇವಿಡ್ ಗಂಜಿ ಬಟ್ಟಲು ಹಿಡ್ಕೊಂಡು ಮಂಚದ ಪಕ್ಕ ಕೂತಿದ್ದ.

‘ಎದ್ದೇಳಲ್ಲ ಅಮ್ಮಾ. ತಿನ್ನಲ್ಲ. ಸುಂಟಿಕೊಪ್ಪದ ಡಾಕ್ಟ್ರು ಎಲ್ಲಾ ನೋಡಿದ್ರು, ಏನೂ ಇಲ್ಲ ಅಂತಾರೆ.’

ಸಾರ ಅರ್ಧ ಆಗಿದ್ಲು. ಬಳೆ ಮೊಣಕೈ ತನಕ ಜಾರಿತ್ತು. ‘ಇಳೀತಾ ಇದೆ ಅಮ್ಮಾ’ ಅಂದ್ಲು.

‘ಏನು?’

‘ಎಣ್ಣೆ. ಎಲುಬೊಳಗೆ. ರಾತ್ರಿ ಹಗಲು ಗೊತ್ತಾಗ್ತದೆ.’

ಬೈಯೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಶಾಪದ ಕೀರ್ತನೆ ಹೇಳೋಕೆ ಶುರು ಮಾಡಿದ್ಲು. ಪೂರ್ತಿ. ಒಂದು ಪದ ಬಿಡದೆ, ಕನ್ನಡದಲ್ಲಿ, ಎಲ್ಸಿಯ ರಾಗದಲ್ಲಿ. ಎಣ್ಣೆ ಅನ್ನೋ ಮಾತು ಬಂದಾಗ ಖೊಕ್ ಖೊಕ್ ಅಂತ ಎಲ್ಸಿಯ ಕೆಮ್ಮೂ ಕೆಮ್ಮಿ ಮುಂದೆ ಹೋದ್ಲು. ನನ್ನ ದಡ್ಡ ಶಿಷ್ಯೆ! ನಾನು ಗಂಟಲು ಹರ್ಕೊಂಡು ಕಲಿಸಿದ್ದು ಒಂದು ಸಾಲು ನಿಲ್ಲಲಿಲ್ಲ. ಯಾರೂ ಕಲಿಸದ ಇದು ಮಜ್ಜೆ ತನಕ ಇಳಿದಿತ್ತು. ಅಯ್ನೋರು ಕೇಳಿದ್ದು ಇದನ್ನೇ ತಾನೇ, ವಾಕ್ಯ ಒಳಗೆ ಇಳೀಬೇಕು ಅಂತ? ಇಳಿದಿದೆ ನೋಡಿ. ಈ ಹೆಂಗಸು ಹೀಗೇ ಮಲಗಿದ್ರೆ ಉಳಿಯಲ್ಲ ಅಂತ ಅವತ್ತು ನನಗೆ ಅನ್ನಿಸ್ತು.

ಅಯ್ನೋರನ್ನ ಕರ್ಕೊಂಡು ಹೋದೆ. ಅವರು ಮಂಚದ ಪಕ್ಕ ಕೂತು ಚೆನ್ನಾಗೇ ವಿವರಿಸಿದ್ರು. ಅದು ಹಳೇ ಕಾಲದ್ದು, ಒಬ್ಬ ಮನುಷ್ಯ ನೋವಿನಲ್ಲಿ ಹೇಳಿದ್ದು, ಯೇಸು ಬಂದ ಮೇಲೆ ಹಾಗಲ್ಲ, ಇತ್ಯಾದಿ. ಸಾರ ಭಕ್ತಿಯಿಂದ ಕೇಳಿದ್ಲು.

‘ಹಾಗಾದ್ರೆ ಅದು ನಮ್ಮ ವೇದದಲ್ಲಿ, ಬೈಬಲಲ್ಲಿ ಇಲ್ವಾ ಅಯ್ಯಾ?’

‘ಇದೆ. ಆದ್ರೆ...’

‘ಇದೆ ತಾನೇ’ ಅಂದು ಗೋಡೆ ಕಡೆ ತಿರುಗಿ ಮಲಗಿದ್ಲು.

ನಾನು ಎಲ್ಸಿ ಹತ್ರ ಹೋದೆ. ಅವಳು ನಲ್ಲಿ ಹತ್ರ ಪಾತ್ರೆ ಉಜ್ಜುತ್ತಿದ್ಲು, ಪಾತ್ರೆ ತೂತಾಗೋ ಹಾಗೆ.

‘ಏನೇ ಇದು ನೀನು ಮಾಡಿದ್ದು?’

‘ನಾನೇನು ಮಾಡಿದೆ? ಕೆಟ್ಟ ಮಾತು ಆಡಿದ್ನಾ? ವೇದದಲ್ಲಿರೋದು ಹೇಳಿದೆ. ನೀವೇ ಹೆಸರು ಹಾಕಿ ಹೇಳು ಅಂದ್ರಿ.’

‘ನಿನ್ನ ಹೆಸರು ಅಂದೆ!’

‘ಯೋಸೇಫಜ್ಜ ಹಸು ಹೆಸರು ಹಾಕಬಹುದು, ನಾನು ಸಾರಳ ಹೆಸರು ಹಾಕಬಾರದಾ?’

ಹಸುವಿನ ಮಾತು ಬಂದ ಮೇಲೆ ನಾನು ದಾರಿ ಬದಲಿಸಿದೆ.

‘ಆಯ್ತು, ಇನ್ನಾದ್ರೂ ನಿಲ್ಲಿಸು.’

ಅವಳು ತಲೆ ತಗ್ಗಿಸಿದ್ಲು. ‘ನಿಲ್ಲಿಸಿ ಆಗ್ಲೇ ಸುಮಾರು ದಿನ ಆಯ್ತಮ್ಮ. ಅವಳು ಮಲಗಿದಾಗ್ಲೇ.’

ಅದನ್ನ ಹೋಗಿ ಸಾರಳಿಗೆ ಹೇಳಿದೆ, ನಿಲ್ಲಿಸಿದ್ದಾಳಂತೆ ಕಣೇ, ಸಮಾಧಾನ ಮಾಡ್ಕೋ ಅಂತ. ಸಾರ ಸೂರು ನೋಡ್ತಾ ಅಂದ್ಲು: ‘ನಿಲ್ಲಿಸ್ತಾಳೆ. ಕೆಲಸ ಮುಗೀತಲ್ಲ.’

ಕ್ಷಮೆ ಕೇಳು ಅಂತ ಎಲ್ಸಿಗೆ ಹೇಳಿ ನೋಡಿದೆ. ‘ನಾನು ಕ್ಷಮೆ ಕೇಳಿದ್ರೆ ಎಲುಬು ಕೊಟ್ಟದ್ದು ಸರಿ ಅಂತಾಗುತ್ತೆ. ಮೊದಲು ಅವಳು ಎಲುಬಿನ ವಿಷಯ ಮಾತಾಡ್ಲಿ’ ಅಂದ್ಲು. ಒಬ್ಬಳು ಸಾಯ್ತಿದ್ದಾಳೆ, ಇನ್ನೊಬ್ಬಳಿಗೆ ಹಂದಿ ಎಲುಬಿನ ಮರ್ಯಾದೆ. ನಗಬೇಡಿ. ನಿಮ್ಮ ಸಭೆಯಲ್ಲೂ ಇಂಥದ್ದು ಇರುತ್ತೆ, ಹಂದಿ ಬದಲು ಬೇರೆ ಏನೋ ಇರುತ್ತೆ ಅಷ್ಟೇ.

ಮುಂದಿನ ಭಾನುವಾರ ಆರಾಧನೆಯಲ್ಲಿ ನಾನು ಎಲ್ಸಿ ಹಿಂದೆ ಕೂತಿದ್ದೆ. ಎಲ್ಲರೂ ಒಟ್ಟಿಗೆ ಪ್ರಾರ್ಥನೆ ಹೇಳೋವಾಗ ಎಲ್ಸಿ ಯಾವಾಗಲೂ ಸಭೆಗಿಂತ ಒಂದು ಪದ ಮುಂದೆ ಓಡೋಳು. ಅವತ್ತು ತುಟಿ ಬಿಗಿದು ನಿಂತಿದ್ಲು. ಆರಾಧನೆ ಮುಗಿದ ಮೇಲೆ ಗೇಟಿನ ಹತ್ರ ಹಿಡಿದೆ.

‘ಏನೇ, ದೇವರ ಹತ್ರಾನೂ ಮಾತು ಬಿಟ್ಯಾ?’

‘ಬಿಟ್ಟಿಲ್ಲಮ್ಮ. ಬಾಯಿ ತೆರೆದ್ರೆ ಅವಳು ಬರ್ತಾಳೆ.’

‘ಯಾರು?’

‘ಇನ್ಯಾರು! ನಾಲಿಗೆ ಹಾಗೇ ರೂಢಿ ಆಗಿಹೋಗಿದೆ. ಊಟಕ್ಕೆ ಕೂತು ಪ್ರಾರ್ಥನೆ ಮಾಡೋಕೆ ಹೋದ್ರೆ ಸಾರಳಿಗೆ ಅನ್ನ ಕೊಡು ಅಂತ ಬರುತ್ತೆ. ಮಗನಿಗೆ ಒಳ್ಳೆ ಹೆಣ್ಣು ಸಿಗ್ಲಿ ಅಂತ ಕೇಳೋಕೆ ಹೋದ್ರೆ ಸಾರಳ ಮಗನಿಗೆ ಸಿಗ್ಲಿ ಅಂದುಬಿಟ್ಟೆ. ಅವಳಿಗೆ ಮಗನೇ ಇಲ್ಲ! ಅಮ್ಮಾ, ನನಗೆ ಅಂತ ಒಂದು ಲೋಟ ನೀರು ಕೇಳೋಕೂ ಆಗ್ತಿಲ್ಲ.’

ನಾನು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡ್ಕೊಂಡೆ. ನಗು ತಡೆಯೋಕೆ ಬೇರೆ ದಾರಿ ಇರ್ಲಿಲ್ಲ. ನಕ್ಕು ಮುಗಿಯೋ ಹೊತ್ತಿಗೆ ಏನು ಮಾಡಬೇಕು ಅಂತ ತಲೆಗೆ ಬಂದಿತ್ತು. ಹುಡುಗೀರೇ, ಮುಂದೆ ಹೇಳೋದನ್ನ ಮೋಸ ಅನ್ನಬೇಡಿ, ಏರ್ಪಾಡು ಅನ್ನಿ.

ಅಯ್ನೋರ ಹತ್ರ ಹೋಗಿ, ಈ ವಾರದ ಮನೆ ಪ್ರಾರ್ಥನೆ ಎಲ್ಸಿ ಮನೆಯಲ್ಲಿ ಇಡೋಣ ಅಂದೆ.

‘ಅಲ್ಲೇನಾ? ಪಕ್ಕದಲ್ಲೇ ಆ ತಾಯಿ ಮಲಗಿದ್ದಾರೆ, ಇಬ್ಬರಿಗೂ ರಾಜಿ ಆಗಿಲ್ಲ...’

‘ಅದಕ್ಕೇ ಅಯ್ನೋರೇ. ಅವಳು ಸಭೆಗೆ ಬರೋ ಸ್ಥಿತಿಯಲ್ಲಿಲ್ಲ, ಸಭೆಯೇ ಅವಳ ಗೋಡೆ ತನಕ ಹೋಗ್ಲಿ.’

ಅವರು ನನ್ನನ್ನ ಸ್ವಲ್ಪ ಹೊತ್ತು ನೋಡಿದ್ರು. ನಾನು ಆದಷ್ಟು ದೇವಭಕ್ತೆ ತರ ಕಾಣೋಕೆ ಪ್ರಯತ್ನಪಟ್ಟೆ. ಅದು ನನ್ನ ಮುಖಕ್ಕೆ ಅಷ್ಟಾಗಿ ಹೊಂದಲ್ಲ.

ಅದರ ಮುಂದಿನ ಭಾನುವಾರ ಮಧ್ಯಾಹ್ನ. ಎಲ್ಸಿ ಮನೆಯಲ್ಲಿ ಚಾಪೆ ತುಂಬಾ ಜನ, ಬಾಗಿಲಾಚೆಯೂ ಜನ. ನಾನು ಎಲ್ಸಿಯನ್ನ ಸರಿಯಾಗಿ ಆ ಗೋಡೆಗೆ ಒರಗಿಸಿ ಕೂರಿಸಿದೆ. ಹಾಡಾಯ್ತು, ಪ್ರಾರ್ಥನೆ ಆಯ್ತು. ಆಮೇಲೆ ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: ‘ಮನೆಯವಳು ಒಂದು ಕೀರ್ತನೆ ಹೇಳೋದು ಪದ್ಧತಿ. ಎಲ್ಸಿಯಮ್ಮ ಕುರಿ ಕಾಯೋದು ಹೇಳ್ತಾಳೆ. ನಾವು ಮೊದಲಿಂದ ಕಲಿತ ಹಾಗೆ, ಹೆಸರು ಹಾಕಿ.’

ಎಲ್ಸಿ ನನ್ನನ್ನ ನೋಡಿದ ನೋಟಕ್ಕೆ ಬೇರೆ ಯಾರಾದ್ರೂ ಆಗಿದ್ರೆ ಸುಟ್ಟು ಹೋಗ್ತಿದ್ರು. ಆದ್ರೆ ಅಯ್ನೋರು ಕಣ್ಣು ಮುಚ್ಚಿ ಕಾಯ್ತಾ ಕೂತಿದ್ರು. ತಪ್ಪಿಸಿಕೊಳ್ಳೋ ಹಾಗಿಲ್ಲ. ಅವಳು ಮೆಲ್ಲಗೆ, ಹುಷಾರಾಗಿ, ಕೆಸರಿನಲ್ಲಿ ಕಾಲಿಟ್ಟ ಹಾಗೆ ಶುರು ಮಾಡಿದ್ಲು. ದೇವರು ಕಾಯೋನು, ಯಾರನ್ನ ಅಂದ್ರೆ... ಸಾರಳನ್ನ. ಬಂದೇಬಿಡ್ತು. ಕಿವಿ ಕೆಂಪಾಯ್ತು. ಮುಂದಿನ ಸಾಲಲ್ಲಿ ಸರಿ ಮಾಡೋಕೆ ಹೋದ್ಲು, ಹಸಿರು ಹುಲ್ಲಲ್ಲಿ ಮಲಗಿದ್ದೂ ಸಾರ.

ಯೋಸೇಫಜ್ಜ ಜೋರಾಗಿ ಪಿಸುಗುಟ್ಟಿದ್ರು: ‘ಅದು ನಮ್ಮ ಲಕ್ಷ್ಮಿ ಜಾಗ!’

ಯಾರೋ ಬುಸಕ್ಕನೆ ನಕ್ಕರು. ಎಲ್ಸಿಗೆ ಬೆವರು. ನಡುವೆ ನಿಲ್ಲಿಸಿದ್ರೆ ಇನ್ನೂ ಮರ್ಯಾದೆ ಹೋಗುತ್ತೆ ಅಂತ ಅವಳಿಗೆ ಗೊತ್ತು. ಹೋಗ್ಲಿ ಅತ್ಲಾಗೆ ಅನ್ನೋ ತರ ಕಣ್ಣು ಮುಚ್ಚಿ ತನ್ನ ಸೈರನ್ ಧ್ವನಿಗೇ ಬಿಟ್ಟಳು. ತಣ್ಣಗಿನ ನೀರಿನ ಹತ್ರ ಹೋದದ್ದು ಸಾರ. ಕತ್ತಲ ಕಣಿವೆಯಲ್ಲಿ ಹೆದರದೆ ನಡೆದದ್ದು ಸಾರ. ಶತ್ರುಗಳ ಎದುರಿಗೇ ಊಟಕ್ಕೆ ಎಲೆ ಹಾಕಿಸಿಕೊಂಡದ್ದೂ ಸಾರಳೇ. ನಗು ನಿಂತಿತ್ತು. ಗೋಡೆ ಆಚೆ ಮಂಚ ಕಿರ್ ಅಂತು. ಎಲ್ಸಿ ಮುಂದಿನ ಸಾಲಿಗೆ ಬಂದ್ಲು: ದೇವರು ಎಣ್ಣೆ ಹಚ್ಚುತ್ತಾನೆ, ಸಾರಳ ತಲೆಗೆ.

ಎಣ್ಣೆ ಅನ್ನೋ ಮಾತು ತನ್ನ ಬಾಯಿಂದ ಬಂದದ್ದು ತಾನೇ ಕೇಳಿಸಿಕೊಂಡಳು. ಖೊಕ್ ಖೊಕ್ ಅಂತ ಕೆಮ್ಮು ಬಂತು, ದಿನಾ ಬರೋ ಹಾಗೆ. ಕೆಮ್ಮು ನಿಂತಿತು. ಎಲ್ಸಿ ಮಾತ್ರ ಮುಂದೆ ಹೋಗಲಿಲ್ಲ. ಬಾಯಿ ತೆರೆದುಕೊಂಡೇ ಇತ್ತು, ಕಣ್ಣಿಂದ ನೀರು ಇಳೀತಿತ್ತು. ಅಯ್ನೋರು ಮುಂದಿನ ಸಾಲು ಎತ್ತಿಕೊಡೋಕೆ ಹೊರಟ್ರು, ನಾನು ಅವರ ಮಂಡಿ ಚಿವುಟಿದೆ. ಹೌದು, ಅಯ್ನೋರದ್ದೇ.

ಆಗ ಗೋಡೆ ಮೇಲಿಂದ ಸಣ್ಣ ಧ್ವನಿ ಬಂತು. ಕನ್ನಡ, ತಮಿಳಿನ ಎಳೆತದ ಕನ್ನಡ. ಪಾತ್ರೆ ತುಂಬಿ ಹರೀತದೆ, ಎಲ್ಸಿಯ ಪಾತ್ರೆ. ಒಳ್ಳೆದು, ಕರುಣೆ ಹಿಂದೆ ಹಿಂದೆನೇ ಬರ್ತದೆ, ಎಲ್ಸಿಯ ಹಿಂದೆ. ಬದುಕಿರೋ ತನಕ. ಕೊನೇ ಸಾಲಿನ ತನಕ, ಒಂದು ತಪ್ಪಿಲ್ಲ, ಎಲ್ಸಿಯ ರಾಗದಲ್ಲಿ.

ಸಾರ ದೊಡ್ಡ ಮನಸ್ಸು ಮಾಡಿ ಎಲ್ಸಿಯ ಹೆಸರು ಹಾಕಿದ್ಲು ಅಂದುಕೊಳ್ಳಬೇಡಿ. ಅಯ್ನೋರು ಹಾಗೇ ಅಂದುಕೊಂಡು ಎರಡು ಭಾನುವಾರ ಅದನ್ನೇ ಪ್ರಸಂಗ ಮಾಡಿದ್ರು. ಅವಳಿಗೆ ಆ ಕೀರ್ತನೆ ಬರ್ತಿದ್ದದ್ದೇ ಹಾಗೆ. ಹಂದಿ ಜಗಳಕ್ಕಿಂತ ಮುಂಚೆ, ತಿಂಗಳುಗಟ್ಟಲೆ, ಬೆಳಗಾದ್ರೆ ಗೋಡೆ ಮೇಲಿಂದ ಎಲ್ಸಿಯ ಹೆಸರಿನ ಜೊತೆಗೇ ಕೇಳಿ ಕೇಳಿ ಇಳಿದಿತ್ತು. ತನಗೆ ಬರುತ್ತೆ ಅಂತ ಅವಳಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.

ಗೋಡೆ ಆಚೆಯಿಂದ ಮತ್ತೆ ಅದೇ ಧ್ವನಿ:

‘ಏಯ್ ಎಲ್ಸಿ, ಚಾ ಉಂಟಾ, ಇಲ್ಲ ಎಲ್ಲಾ ಅಯ್ನೋರಿಗೇ ಕೊಟ್ಯಾ?’

ಎಲ್ಸಿ ಬೆಂಚು ಎಳೆದು, ಹತ್ತಿ, ಲೋಟ ಗೋಡೆ ಮೇಲಿಂದ ಆ ಕಡೆ ಇಳಿಸಿದ್ಲು. ಡೇವಿಡ್ ಆ ಕಡೆಯಿಂದ ತಗೊಂಡ. ಆಮೇಲೆ ಒಂದು ತಟ್ಟೆ ಅಕ್ಕಿರೊಟ್ಟಿಯೂ ಅದೇ ದಾರಿಯಲ್ಲಿ ಹೋಯ್ತು. ಸಾರ ಚಾ ಕುಡಿಯೋ ಸೊರ್ ಸೊರ್ ಸದ್ದನ್ನ ಸಭೆಯೆಲ್ಲಾ ಕೂತು ಕೇಳಿತು. ನಾನು ಬೇಕಾದಷ್ಟು ಆರಾಧನೆ ನೋಡಿದ್ದೀನಿ. ಅಷ್ಟು ನಿಶ್ಶಬ್ದವಾಗಿ ಜನ ಕೂತದ್ದು ಬೇರೆ ಎಲ್ಲೂ ನೋಡಿಲ್ಲ.

ಪಿಕ್ಕಿಂಗ್ ಮುಗಿಯೋದ್ರೊಳಗೆ ಸಾರ ಚೀಲ ಕಟ್ಟಿಕೊಂಡು ತೋಟಕ್ಕೆ ಹೋದ್ಲು. ಎಲುಬಿನ ವಿಷಯ ಮಾತ್ರ ಇವತ್ತಿಗೂ ಇತ್ಯರ್ಥ ಆಗಿಲ್ಲ. ‘ನಿನ್ನ ಕೆಮ್ಮಿಗೆ ಸೂಪು ಮಾಡ್ಕೊಳ್ಲಿ ಅಂತ ಎಲುಬು ಹಾಕಿದ್ದು ಕಣೇ’ ಅಂತಾಳೆ ಸಾರ. ‘ಸುಳ್ಳಿ’ ಅಂತಾಳೆ ಎಲ್ಸಿ. ನನಗೂ ನಂಬಿಕೆ ಇಲ್ಲ. ಆದ್ರೆ ಮರುವರ್ಷದಿಂದ ಹಂದಿ ಪಾಲು ಹಾಕೋದು ಯೋಸೇಫಜ್ಜನಿಗೆ ಕೊಟ್ರು. ಅವರಿಗೆ ಕಣ್ಣು ಮಂಜು, ಯಾರ ಎಲೆ ಯಾವುದು ಅಂತ ಕಾಣಲ್ಲ.

ಹೆಸರು ಹಾಕೋ ಪಾಠ ನಾನು ಬಿಡಲಿಲ್ಲ. ಅಯ್ನೋರು ಬಿಡಿ ಅಂದ್ರು. ಆಗ್ಲಿ ಅಂದು ಮುಂದುವರಿಸಿದೆ. ಈಗ ಹೊಸ ಲೈನ್ ಮನೆಗಳಿಗೆ ಸಿಮೆಂಟ್ ಗೋಡೆ, ಸೂರಿನ ತನಕ ಇದೆ. ನೀವು ಅಲ್ಲಿಗೆ ಹೋದಾಗ ಬಾಗಿಲು ತೆರೆಸಿಟ್ಟು ಕಲಿಸಿ. ನೀವು ಯಾರಿಗೆ ಕಲಿಸ್ತಿದ್ದೀರೋ ಅವಳಿಗೆ ಬರದೇ ಇರಬಹುದು, ಪಕ್ಕದ ಮನೆಯವಳಿಗೆ ಬರುತ್ತೆ. ಏನು ಹೇಳ್ತೀರಿ ಅನ್ನೋದು ಮಾತ್ರ ನೋಡಿಕೊಂಡು ಹೇಳಿ.

ಎಲ್ಸಿಗೆ ನಾಲಿಗೆ ತಿರುಗಿಸಿಕೊಳ್ಳೋಕೆ ಆಮೇಲೆ ತುಂಬಾ ಕಷ್ಟ ಆಯ್ತು. ನಾನೇ ಹೋಗಿ ಅಭ್ಯಾಸ ಮಾಡಿಸಿದೆ, ಸಣ್ಣ ಮಕ್ಕಳಿಗೆ ಮಾಡಿಸೋ ಹಾಗೆ. ಕೊನೆಗೆ ಒಂದು ಬೆಳಗ್ಗೆ ನಾನು ಅಲ್ಲೇ ಕೂತಿದ್ದಾಗ ಅವಳು ಒಲೆ ಹಚ್ಚುತ್ತಾ ಕುರಿ ಕಾಯೋ ಕೀರ್ತನೆ ಮೊದಲಿಂದ ಶುರು ಮಾಡಿ, ಎಲ್ಲೂ ಎಡವದೆ, ತಲೆಗೆ ಎಣ್ಣೆ ಹಚ್ಚೋ ಸಾಲಿನಲ್ಲೂ ತನ್ನ ಹೆಸರೇ ಹಾಕಿ ಹೇಳಿದ್ಲು. ನಾನು ಶಭಾಷ್ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಆ ಕಡೆಯಿಂದ ಗೋಡೆಗೆ ಸೌಟಿನಲ್ಲಿ ಬಡಿದ ಸದ್ದು.

‘ಏಯ್ ಎಲ್ಸಿ! ನನ್ನ ಎಣ್ಣೆ ಎಲ್ಲೇ?’